ಬಾಣಂತಿಯ ವೀಸಾ ಮತ್ತು ಮಾಲೇಕಲ್ಲಿನ ಹರಕೆ

ಭಕ್ತ ಬಂಧುಗಳೇ, ಹೋದ ವರ್ಷ ನನ್ನ ಹೆಂಡತಿ ಹಸುಗೂಸನ್ನು ಬಿಟ್ಟು ದೇಶದಿಂದ ಹೊರಹೋಗಬೇಕಾದ ಸ್ಥಿತಿ ಬಂದಿತ್ತು. ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ನದೀಶಾ ಶ್ರೀಲಂಕಾದವಳು. ನನ್ನನ್ನು ಮದುವೆಯಾಗಿ ಜಾವಗಲ್ಲಿಗೆ ಬಂದು ಹಲವು ವರ್ಷಗಳಾದವು. ಕಾಲಕಾಲಕ್ಕೆ ವೀಸಾ ಮುಂದುವರಿಸಿಕೊಳ್ಳುತ್ತಿದ್ದೆವು. ಈ ಸಲ ಅವಳೇ ಬೆಂಗಳೂರಿನ ವಿದೇಶಿಯರ ನೋಂದಣಿ ಕಚೇರಿಗೆ ಬರಬೇಕೆಂದು ತಿಳಿಸಿದ್ದರು. ಅಷ್ಟರಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಯಿತು.

ಅಮ್ಮ ಬಾಗಿಲಿಗೆ ಅಡ್ಡ ನಿಂತರು. "ಹಸಿ ಬಾಣಂತೀನ ಬಸ್ಸಲ್ಲಿ ಕೂರಿಸ್ಕೊಂಡು ಹೋಯ್ತೀಯೇನ್ಲಾ? ಗಾಳಿ ಸೋಕಿದ್ರೆ ಯಾರು ನೋಡ್ತಾರೆ? ಸರ್ಕಾರದೋರೂ ತಾಯಿ ಹೊಟ್ಟೇಲೇ ಹುಟ್ಟಿರ್ತಾರೆ. ಕಾಯ್ಲಿ ಬಿಡು."

ರೇಷನ್ ಕಾರ್ಡಿನಂತೆ ಇದೂ ತಡವಾದರೆ ನಡೆಯುತ್ತದೆಂದು ಎಲ್ಲರೂ ಎಣಿಸಿದೆವು. ಬಾಣಂತನ ಮುಗಿಯುವ ಮೊದಲೇ ವೀಸಾ ಮುಗಿಯಿತು.

ಹಾಸನದ ವಕೀಲರು ಎರಡೇ ದಾರಿ ಹೇಳಿದರು. ನಿರ್ಗಮನ ಪರವಾನಗಿ ಪಡೆದು ಅವಳು ತನ್ನ ದೇಶಕ್ಕೆ ಹೋಗಿ, ಅಲ್ಲಿಂದ ಹೊಸ ವೀಸಾಕ್ಕೆ ಅರ್ಜಿ ಹಾಕುವುದು. ಇಲ್ಲವೇ ತಡವಾದ ಕಾರಣ ತಿಳಿಸಿ, ದಂಡ ಕಟ್ಟಿ, ಇಲ್ಲೇ ಮುಂದುವರಿಸಿಕೊಡಿ ಎಂದು ಬೇಡುವುದು. "ಬೇಡಿಕೆ ಒಪ್ಪೋದು ಬಿಡೋದು ಅವರಿಗೆ ಬಿಟ್ಟಿದ್ದು. ಒಪ್ಪಲಿಲ್ಲ ಅಂದ್ರೆ ಹೋಗ್ಲೇಬೇಕು." ಮಗುವಿಗೆ ಪಾಸ್‌ಪೋರ್ಟ್ ಇರಲಿಲ್ಲ. ಮೊಲೆಹಾಲು ಬಿಟ್ಟು ಬೇರೇನೂ ಅದಕ್ಕೆ ಹಿಡಿಸುತ್ತಿರಲಿಲ್ಲ.

ವಕೀಲರ ಮೂಲಕವೇ ಬೇಡಿಕೆಯ ಅರ್ಜಿ ಹಾಕಿಸಿ, ಅರಸೀಕೆರೆಯ ಬಸ್ಸು ಹತ್ತಿದೆ. ಮನೆಗೆ ಹೋಗಲು ಮನಸ್ಸು ಬರಲಿಲ್ಲ. ಊರಾಚೆಯ ಮಾಲೇಕಲ್ಲು ತಿರುಪತಿ ಬೆಟ್ಟದ ಬುಡದಲ್ಲಿ ನಿಂತು ಕೈ ಮುಗಿದೆ. "ವೆಂಕಟರಮಣ, ತಾಯಿ ಮಗುವನ್ನು ಅಗಲಿಸಬೇಡ. ಮೂವರೂ ನಿನ್ನ ಬೆಟ್ಟ ಹತ್ತುತ್ತೇವೆ."

ಕೆಲವು ದಿನಗಳ ನಂತರ, ಮೊದಲೇ ತಿಳಿಸದೆ, ಮಹಿಳಾ ಪೊಲೀಸರೊಬ್ಬರು ಅರ್ಜಿಯ ವಿಚಾರಣೆಗೆ ಬಂದರು. ಅವರು ಒಳಕೋಣೆಗೆ ಹೋದರು. ನದೀಶಾ ತಲೆಗೆ, ಕಿವಿಗೆ ಬಟ್ಟೆ ಬಿಗಿದುಕೊಂಡು ಮಗುವಿನೊಡನೆ ಕೂತಿದ್ದಳು. ಪಕ್ಕದಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಹೊಗೆಯಾಡುತ್ತಿತ್ತು.

"ಟೈಮಿಗೆ ಯಾಕಮ್ಮ ಹೋಗ್ಲಿಲ್ಲ?"

"ಅತ್ತೆ ಹೊಸ್ಲು ದಾಟಕ್ಕೇ ಬಿಡ್ಲಿಲ್ಲ ಕಣ್ರೀ. ನೀರು ಕೂಡ ಲೆಕ್ಕ ಹಾಕಿ ಕೊಡ್ತಾರೆ."

ಅವರು ನಕ್ಕುಬಿಟ್ಟರು. "ನಮ್ಮತ್ತೇನೂ ಹಿಂಗೇ. ಡ್ಯೂಟಿಗೆ ಹೋಯ್ತೀನಿ ಅಂದ್ರೆ ನನ್ನ ಬೂಟೇ ಬಚ್ಚಿಟ್ಟಿದ್ರು." ಆಮೇಲೆ ಗಂಭೀರವಾಗಿ ಆಸ್ಪತ್ರೆಯ ಚೀಟಿ ನೋಡಿದರು, ನೆರೆಯವರನ್ನು ಕೇಳಿದರು. ಹೊರಡುವಾಗ, "ಕಣ್ಣಲ್ಲಿ ಕಂಡಿದ್ದು ಬರೀತೀನಿ, ಅಷ್ಟೇ" ಎಂದರು.

ತಿಂಗಳು ಕಳೆದ ಮೇಲೆ ಉತ್ತರ ಬಂತು. ಪೊಲೀಸರ ವರದಿ ಒಪ್ಪಿ, ದಂಡ ಹಾಕಿ, ಇಲ್ಲಿಯೇ ಇರಲು ಅನುಮತಿ ಕೊಟ್ಟಿದ್ದರು. ನಮ್ಮನ್ನು ಸಿಕ್ಕಿಸಿದ ಬಾಣಂತನವೇ ನಮಗೆ ಸಾಕ್ಷಿಯಾಗಿ ನಿಂತಿತ್ತು. ಆ ಪೊಲೀಸ್ ತಾಯಿ ಅದೇ ದಿನ, ಸಾಂಬ್ರಾಣಿ ಹೊಗೆಯಾಡುವ ಹೊತ್ತಿಗೇ ಬಂದದ್ದು ಯಾರ ಕೃಪೆಯೆಂದು ನನಗೆ ಸಂಶಯವಿಲ್ಲ.

ಹರಕೆ ತೀರಿಸಲು ಬೆಟ್ಟ ಹತ್ತಿದೆವು. ಅಮ್ಮನೂ ಬಂದಿದ್ದರು. ಮೇಲೆ ಗಾಳಿ ಜೋರಾಗಿತ್ತು. ಗರ್ಭಗುಡಿಯ ಮುಂದೆ ನದೀಶಾ ಮಗುವನ್ನು ನೆಲದ ಮೇಲೆ ಮಲಗಿಸಿ ಕೈ ಮುಗಿದಾಗ ನನ್ನ ಕಣ್ಣು ನೀರಿನಿಂದ ಮಂಜಾಯಿತು. ಅಮ್ಮ ಮಾತ್ರ ತಮ್ಮ ಸೆರಗನ್ನು ಅವಳ ಕಿವಿಗೆ ಒತ್ತಿ ಹಿಡಿದು, "ಬೇಗ ಮುಗ್ಸೇ, ಗಾಳಿ ಐತೆ" ಎನ್ನುತ್ತಿದ್ದರು.