ಮೆಂಬರರ ಕಾಗದ ಓದುತ್ತಿದ್ದ ಕಾಕಾ

ಕಳೆದ ವಾರ ಮೊಮ್ಮಗಳು ಹಳೆಯ ಹೊಲಿಗೆ ಮಷೀನನ್ನು ಅಟ್ಟದಿಂದ ಇಳಿಸಿ, ಅದರ ತೂತುಗಳಿಗೆಲ್ಲ ಎಣ್ಣೆ ಬಿಡುತ್ತ ಕೂತಿದ್ದಳು. ನಾನು ಒಳಗೆ ಜೋಳದ ಹಿಟ್ಟು ನಾದುತ್ತಿದ್ದೆ. ಆ ಎಣ್ಣೆಯ ವಾಸನೆ ಅಡುಗೆ ಮನೆಗೆ ಬಂದದ್ದೇ ತಡ, ನನ್ನ ಕೈ ನಿಂತುಬಿಟ್ಟಿತು. ಅದು ನಮ್ಮ ಪಕ್ಕದ ಮನೆಯ ಸಿಂಪಿಗೇರ ಕಾಕಾನ ವಾಸನೆ. ಅವರ ಟೋಪಿಗೆ, ಕೋಟಿಗೆ, ಅವರು ಹೊಲಿದು ಕೊಟ್ಟ ಕುಪ್ಪಸಗಳಿಗೆ ಎಲ್ಲಕ್ಕೂ ಅದೇ ವಾಸನೆ ಇರುತ್ತಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ...

ನಾನು ಚಿಕ್ಕೇರೂರಿನ ಮಗಳು. ಹದಿನಾರಕ್ಕೆ ಮದುವೆಯಾಗಿ ಹಾನಗಲ್ಲಿನ ಈಚೆ ಒಂದು ಸಣ್ಣ ಊರಿಗೆ ಬಂದೆ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನನ್ನ ಜೊತೆ ಅಪ್ಪ ಎರಡು ಎತ್ತು ಬಳುವಳಿ ಕೊಟ್ಟು ಕಳಿಸಿದ್ದ. ಹೊಸ ಮನೆಯಲ್ಲಿ ನನ್ನ ಪರಿಚಯ ಇದ್ದದ್ದು ಅವೆರಡಕ್ಕೇ. ಸಂಜೆ ಕಣಿಕೆ ಹಾಕುವ ನೆಪದಲ್ಲಿ ಕೊಟ್ಟಿಗೆಗೆ ಹೋಗಿ ಅವುಗಳ ಮುಂದೆ ತವರಿನ ಸುದ್ದಿಯೆಲ್ಲ ಮಾತಾಡಿ ಬರುತ್ತಿದ್ದೆ. “ಸೊಸಿಗಿಂತ ಎತ್ತ ಶಾಣ್ಯಾ ಅದಾವು” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿರಲಿಲ್ಲ, ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ಆಗ ನಮ್ಮ ಭಾಗ ಮುಂಬಯಿ ಸರಕಾರದಲ್ಲಿತ್ತು. ಅಲ್ಲಿನ ಅಸೆಂಬ್ಲಿಗೆ ನಮ್ಮ ಕಡೆಯಿಂದ ಆರಿಸಿ ಹೋದವರನ್ನು ಜನ ಮೆಂಬರು ಎನ್ನುತ್ತಿದ್ದರು. ಓಟು ಕೇಳಲು ಬಂದ ದಿನ ಅವರ ಅಂಗಿಯ ಹೆಗಲು ಹರಿದಿತ್ತಂತೆ, ಕಾಕಾ ನಿಂತ ಕಾಲ ಮೇಲೆ ಹೊಲಿದು ಕೊಟ್ಟರಂತೆ. ಕಾಕಾನಿಗೆ ಓದು ಬರುತ್ತದೆಂದು ತಿಳಿದ ಮೆಂಬರು, ಆರಿಸಿ ಬಂದರೆ ತಿಂಗಳಿಗೊಂದು ಕಾಗದ ಕಳಿಸುತ್ತೇನೆ, ಊರಿಗೆಲ್ಲ ಓದಿ ಹೇಳಿರಿ ಎಂದು ಹೋದರು. ಓಟಿಗಾಗಿ ಆಡಿದ ಮಾತು ಎಂದು ಎಲ್ಲರೂ ನಕ್ಕರು. ಆದರೆ ಕಾಗದ ಬಂತು. ಹುಬ್ಬಳ್ಳಿಯಲ್ಲಿ ಅಚ್ಚು ಹಾಕಿಸಿದ, ಎರಡೂ ಮಗ್ಗುಲಿಗೆ ಅಕ್ಷರ ತುಂಬಿದ ಹಾಳೆ. ಮುಂಬಯಿಯಲ್ಲಿ ಏನು ಚರ್ಚೆಯಾಯಿತು, ಚಳಿಜ್ವರದ ಕ್ವಿನೈನ್ ಯಾವ ಪೋಸ್ಟಿನಲ್ಲಿ ಸಿಗುತ್ತದೆ, ಬಾವಿಯ ಹೂಳು ತೆಗೆಸಲು ಯಾರಿಗೆ ಅರ್ಜಿ ಬರೆಯಬೇಕು, ಬಿತ್ತನೆ ಬೀಜ ಎಲ್ಲಿ ಬಂದಿದೆ, ಎಲ್ಲ ಅದರಲ್ಲಿ ಇರುತ್ತಿತ್ತು.

ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಹಾಗಾಗಿ ಕಾಗದದ ಓದು ಸೋಮವಾರ ಸಂಜೆ, ಕಾಕಾನ ಮನೆಯ ಕಟ್ಟೆಯ ಮೇಲೆ. ಕಾಲು ತೊಳೆದು, ಕೋಟು ಹಾಕಿ, ಟೋಪಿ ಸರಿಮಾಡಿಕೊಂಡು ಓದಲು ಕೂರುತ್ತಿದ್ದರು. ಒಂದಕ್ಷರ ಬಿಡುತ್ತಿರಲಿಲ್ಲ. ಕೊನೆಗೆ ಕೆಳಗಿದ್ದ ಛಾಪಖಾನೆಯ ಹೆಸರನ್ನೂ ಅದೇ ಗಂಭೀರ ದನಿಯಲ್ಲಿ ಓದುತ್ತಿದ್ದರು. ಗಂಡಸರು ಮುಸಿಮುಸಿ ನಗುತ್ತಿದ್ದರು, ಆದರೆ ನಂಬುತ್ತಿದ್ದರು. ಕಾಗದ ಹೇಳಿದಂತೆ ಹೋದವರಿಗೆ ಕ್ವಿನೈನ್ ಸಿಕ್ಕಿತ್ತು, ಬೀಜ ಸಿಕ್ಕಿತ್ತು. ನಾವು ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆವು.

ಆ ವರ್ಷ ಸವಣೂರಿನಿಂದ ವೀಳ್ಯದೆಲೆಯ ಬುಟ್ಟಿ ಹೊತ್ತು ಬಂದವರು ಆ ಕಡೆ ದನಗಳಿಗೆ ದೊಡ್ಡ ಬೇನೆ ಬಿದ್ದಿದೆ ಎಂದು ಹೇಳಿ ಹೋದರು. ಬಾಯಿ ಹುಣ್ಣಾಗಿ, ಕಣ್ಣಲ್ಲಿ ನೀರು ಸುರಿದು, ನಾಲ್ಕಾರು ದಿನದಲ್ಲಿ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತಂತೆ. ಊರ ಹಿರಿಯರು ಕೂಡಿ ದ್ಯಾಮವ್ವನ ಹೆಸರಿನಲ್ಲಿ ಐದು ಮಂಗಳವಾರ ವಾರ ಹಿಡಿದರು. ವಾರ ಹಿಡಿದರೆ ಆ ದಿನ ಗಾಲಿ ಉರುಳುವಂತಿಲ್ಲ, ಬೀಸುವಂತಿಲ್ಲ, ದನವಾಗಲಿ ಮನುಷ್ಯರಾಗಲಿ ಊರ ಗಡಿ ದಾಟುವಂತಿಲ್ಲ. ನನಗೆ ನಿದ್ದೆ ಹತ್ತದಾಯಿತು. ಕೊಟ್ಟಿಗೆಯಲ್ಲಿ ಎತ್ತು ಕೆಮ್ಮಿದರೂ ಎದ್ದು ಕೂರುತ್ತಿದ್ದೆ.

ಅಂಥ ಎರಡು ಮಂಗಳವಾರ ಕಳೆದಿದ್ದವು. ಒಂದು ಭಾನುವಾರ ಕುಪ್ಪಸ ತರಲು ಕಾಕಾನ ಮನೆಗೆ ಹೋದೆ. ಮಷೀನಿನ ಹಲಗೆಯ ಮೇಲೆ ಹೊಸ ಕಾಗದ ಇತ್ತು. ನಾನು ಚಿಕ್ಕೇರೂರಿನಲ್ಲಿ ಮೂರನೆಯ ಇಯತ್ತೆ ಕಲಿತವಳು, ಗಂಡನ ಮನೆಯಲ್ಲಿ ಅದನ್ನು ಯಾರಿಗೂ ತೋರಿಸಿಕೊಂಡಿರಲಿಲ್ಲ. ಅಕ್ಷರ ಕಂಡು ತಡೆಯಲಾಗಲಿಲ್ಲ, ಓದಿದೆ. ದನದ ಡಾಕ್ಟರರು ಹಾನಗಲ್ಲಿಗೆ ಬಂದು ದೊಡ್ಡ ಬೇನೆಗೆ ಪುಕ್ಕಟೆ ಸೂಜಿ ಹಾಕುವರು. ಬರುವ ಮಂಗಳವಾರ, ಒಂದೇ ದಿನ.

ತಲೆ ಎತ್ತಿದರೆ ಕಾಕಾ ನನ್ನನ್ನೇ ನೋಡುತ್ತಿದ್ದರು.

“ಓದಿದೇನವ್ವಾ?”

“ಹೂಂರಿ ಕಾಕಾ. ಮಂಗಳವಾರ ಐತಲ್ಲರಿ.”

“ಅದ ಫಜೀತಿ ಆಗೇತಿ ನೋಡು. ವಾರದ ದಿನ ದನಾ ಹೊಡಕೊಂಡು ಹೋಗ್ರಿ ಅಂತ ಹೆಂಗ ಓದ್ಲಿ? ಒಬ್ಬರೂ ಹೋಗೂದಿಲ್ಲ. ಇನ್ನ ಮುಂದ ಈ ಕಾಗದಾನೂ ಕೇಳೂದಿಲ್ಲ.” ಕೈಯಲ್ಲಿದ್ದ ಬಟ್ಟೆಯ ಅಂಚು ಮಡಿಚಿದರು. ಆಮೇಲೆ ತಮಗೇ ಸಮಾಧಾನ ಹೇಳಿಕೊಳ್ಳುವ ದನಿಯಲ್ಲಿ, “ಸರಕಾರದ ಮಂದಿ ಡೇರೆ ಹೊಡದು ಬರ್ತಾರ. ಒಂದ ದಿನಕ್ಕ ಹೆಂಗ ಹೋದಾರು? ಬುಧವಾರನೂ ಇರ್ತಾರ ಬಿಡು” ಎಂದರು.

ಮರುದಿನ ಸಂಜೆ ಕಾಕಾ ಬುಧವಾರ ಎಂದು ಓದಿದರು. ಓದುವ ಮುಂಚೆ ಒಂದು ಕ್ಷಣ ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ. ನಾನು ಬಾಗಿಲ ಮರೆಯಲ್ಲೇ ನಿಂತು ಕೇಳಿದೆ.

ನನ್ನ ಗಂಡ ಮನೆಗೆ ಬಂದವರೇ ಹಗ್ಗ ಕೈಗೆತ್ತಿಕೊಂಡರು. “ಈಗ ಹೊಂಟ್ರ ವಾರ ಹತ್ತೂದ್ರೊಳಗ ಗಡಿ ದಾಟತೇನಿ. ನಾಳೆ ಹಾನಗಲ್ಲಾಗ ಬಿದ್ದಿದ್ದು, ಬುಧವಾರ ಎಲ್ಲಾರಕಿಂತ ಮೊದಲ ಸೂಜಿ ಹಾಕ್ಸಿಕೊಂಡು ಬರ್ತೇನಿ” ಎಂದರು. ಈ ಉಪಾಯ ಕಾಕಾನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಸೋಮವಾರ ಸಂಜೆಯೇ ಹೊರಟರೆ ದೇವಿಯ ಮಾತೂ ಮುರಿಯುತ್ತಿರಲಿಲ್ಲ, ಸೂಜಿಯೂ ತಪ್ಪುತ್ತಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ನನಗೆ ಕಂಡದ್ದು ಒಂದೇ. ಇವರು ಮಂಗಳವಾರ ಹಾನಗಲ್ಲಿನಲ್ಲಿದ್ದರೆ ಕಾಕಾನ ಸುಳ್ಳು ಬಯಲಾಗುತ್ತದೆ, ಅದು ನನಗೆ ಗೊತ್ತಿತ್ತೆಂಬುದೂ ಬಯಲಾಗುತ್ತದೆ. ಅದಲ್ಲದೆ ಸೊಸೆ ಬಂದ ವರ್ಷವೇ ವಾರದ ದಿನ ಈ ಮನೆಯ ಎತ್ತು ಹೊರಗಿದ್ದವು ಎಂಬ ಮಾತು ಬರುತ್ತದೆ.

“ಅವಸರ ಯಾಕ್ರಿ? ವಾರದ ದಿನ ಎತ್ತು ಹೊರಗಿದ್ರ ಅತ್ತಿ ನೊಂದಕೊಂತಾರ” ಎಂದೆ. ಅವರು ಹಗ್ಗ ಗೂಟಕ್ಕೆ ಹಾಕಿದರು.

ಮಂಗಳವಾರ ಇಡೀ ದಿನ ಊರು ಸದ್ದಿಲ್ಲದೆ ಬಿದ್ದಿತ್ತು. ಎರಡು ಹರದಾರಿ ಆಚೆ ಡಾಕ್ಟರರು ಕೂತಿದ್ದಾರೆ, ಈಗ ಯಾವುದೋ ಊರಿನ ದನಕ್ಕೆ ಸೂಜಿ ಹಾಕುತ್ತಿದ್ದಾರೆ, ಈಗ ಪೆಟ್ಟಿಗೆ ಕಟ್ಟುತ್ತಿರಬಹುದು... ಹೊತ್ತು ಏರಿದಂತೆ ಇದೇ ಲೆಕ್ಕ ನನಗೆ. ಸಂಜೆ ದೊಡ್ಡ ಎತ್ತು ಅರ್ಧ ಮೇವು ಬಿಟ್ಟಿತ್ತು. ಸೆಕೆಗೆ ಇರಬಹುದು ಎಂದುಕೊಂಡೆ.

ಬುಧವಾರ ನಸುಕಿನಲ್ಲೇ ಊರ ದನಗಳೆಲ್ಲ ಹೊರಟವು, ಮಧ್ಯಾಹ್ನಕ್ಕೆ ಹಾಗೆಯೇ ತಿರುಗಿ ಬಂದವು. ಹಿಂದಿನ ಸಂಜೆಯೇ ಡೇರೆ ಕಿತ್ತು ಶಿಗ್ಗಾಂವಿಗೆ ಹೋದರಂತೆ. ಜನ ಡಾಕ್ಟರನನ್ನೂ ಸರಕಾರವನ್ನೂ ಮೆಂಬರನನ್ನೂ ಬಾಯಿಗೆ ಬಂದಂತೆ ಬೈದರು. ಕಾಕಾ ಎಲ್ಲವನ್ನೂ ಕೇಳಿದರು. ಮಷೀನಿಗೆ ಬಟ್ಟೆ ಮುಚ್ಚಿ, ಕೋಟು ಹಾಕಿಕೊಂಡು, ಆ ಬಿಸಿಲಿನಲ್ಲೇ ಶಿಗ್ಗಾಂವಿಯ ಹಾದಿ ಹಿಡಿದರು.

ಬಂದದ್ದು ಶನಿವಾರ, ಡಾಕ್ಟರರ ಕೈಕೆಳಗಿನವರೊಬ್ಬರನ್ನು ಕರೆದುಕೊಂಡು. ಏನು ಹೇಳಿ, ಯಾರ ಕಾಲು ಹಿಡಿದು ಕರೆತಂದರೋ ಯಾರಿಗೂ ಹೇಳಲಿಲ್ಲ. ಅವರ ಚಪ್ಪಲಿಯ ಅಟ್ಟೆ ಕಿತ್ತುಹೋಗಿತ್ತು. ಬಂದವರು ಊರ ದನಕ್ಕೆಲ್ಲ ಸೂಜಿ ಹಾಕಿದರು, ನಮ್ಮ ಸಣ್ಣ ಎತ್ತಿಗೂ ಹಾಕಿದರು. ದೊಡ್ಡದರ ಬಾಯಿ ತೆರೆಸಿ ನೋಡಿ, “ಇದಕ್ಕಿನ್ನ ಹಾಕಿ ಉಪಯೋಗ ಇಲ್ರಿ” ಎಂದರು. ನಾನು ಆ ಎತ್ತಿನ ಕೊರಳು ಹಿಡಿದುಕೊಂಡು ನಿಂತಿದ್ದೆ. ಭಾನುವಾರ ಮಧ್ಯಾಹ್ನ ಅದು ಸತ್ತಿತು. ಮಂಗಳವಾರವೇ ಸೂಜಿ ಬಿದ್ದಿದ್ದರೆ ಉಳಿಯುತ್ತಿತ್ತೇ... ಯಾರಿಗೆ ಗೊತ್ತು? ಈ ಪ್ರಶ್ನೆ ಮಾತ್ರ ನನ್ನನ್ನು ಒಂದು ದಿನವೂ ಬಿಡಲಿಲ್ಲ.

ಮರುದಿನ ಸೋಮವಾರ. ಹೊಸ ಕಾಗದ ಇರಲಿಲ್ಲ, ಆದರೂ ಕಾಕಾ ಕಾಲು ತೊಳೆದು ಕಟ್ಟೆಗೆ ಬಂದು ಕೂತರು. ಜನ ಕೂಡಿದರು. ಅದೇ ಹಳೆಯ ಕಾಗದ ಬಿಚ್ಚಿ ಮೊದಲಿನಿಂದ ಓದತೊಡಗಿದರು. ಮಂಗಳವಾರ, ಒಂದೇ ದಿನ ಎಂಬಲ್ಲಿಗೆ ಬಂದು ನಿಲ್ಲಿಸಿದರು.

“ಕಾಗದದಾಗ ಹಿಂಗ ಐತಿ. ಹೋದ ಸೋಮವಾರ ನಾ ಬುಧವಾರ ಅಂತ ಓದಿದೆ. ತಪ್ಪ ನಂದು, ಮೆಂಬರರದಲ್ಲ.”

ಯಾರೂ ಬೈಯಲಿಲ್ಲ. ನನ್ನ ಗಂಡ ಮಾತ್ರ ಕೇಳಿದರು, “ಈ ಕಾಗದ ಮತ್ಯಾರರ ನೋಡಿದ್ರೇನು ಕಾಕಾ?”

ನಾನು ಬಾಗಿಲ ಮರೆಯಲ್ಲಿದ್ದೆ. ಕಾಕಾ ಕಾಗದ ಮಡಿಚಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಇಲ್ಲಪಾ. ಯಾರೂ ನೋಡಿಲ್ಲ.”

ಹಿರಿಯರು ಒಬ್ಬೊಬ್ಬರಾಗಿ ಎದ್ದು ಹೋದರು. ಆಮೇಲೆ ಕಟ್ಟೆಯ ಮೇಲೆ ಓದು ನಡೆಯಲಿಲ್ಲ. ಕಾಗದ ಬಂದಾಗ ಕಾಕಾ ಅದನ್ನು ಚಾವಡಿಯ ಗೋಡೆಗೆ ಅಂಟಿಸಿ ಬರುತ್ತಿದ್ದರು, ಓದು ಬಲ್ಲವರು ಓದಲಿ ಎಂದು. ಯುದ್ಧ ಶುರುವಾದ ಮೇಲೆ ಕಾಗದವೂ ನಿಂತಿತು. ಮುಂದೆ ಅವರು ಮಷೀನನ್ನು ಬಂಡಿಯಲ್ಲಿ ಹೇರಿಕೊಂಡು ಸವಣೂರಿನ ಮಗಳ ಮನೆಗೆ ಹೋದರು. ತೀರಿಕೊಂಡ ಸುದ್ದಿ ನಮಗೆ ತಲುಪಿದಾಗ ದಿನಕರ್ಮ ಎಲ್ಲ ಮುಗಿದಿತ್ತು.

ನನ್ನ ಗಂಡನೊಂದಿಗೆ ನಲವತ್ತು ವರ್ಷ ಬಾಳಿದೆ. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೆ, ಉಪ್ಪು ಹಾಕಲೇ ಎಂದು ಕೇಳಿ ಸುಮ್ಮನಾಗಿದ್ದೆ. ಈಗ ಅವರಿಲ್ಲ, ಅತ್ತೆ ಇಲ್ಲ, ಆ ಸಂಜೆ ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬರೂ ಉಳಿದಿಲ್ಲ. ಒಂದಕ್ಷರ ಬಿಡದೆ ಓದುತ್ತಿದ್ದ ಮನುಷ್ಯ ತಮ್ಮ ಸುಳ್ಳನ್ನು ಊರ ಮುಂದೆ ತಿದ್ದಿಕೊಂಡರು, ನನ್ನನ್ನು ಉಳಿಸಲು ಇನ್ನೊಂದು ಸುಳ್ಳು ಹೇಳಿದರು. ಅದನ್ನು ತಿದ್ದಬೇಕಾದವಳು ನಾನು. ಕಾಕಾ, ಆ ಕಾಗದವನ್ನು ನಾನು ನೋಡಿದ್ದೆ.