ಇಬ್ಬರಿಗಷ್ಟೇ ಗೊತ್ತಿದ್ದ ಆಟ

ಸವಣೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಹಿರಿಯ ಹೆಂಗಸನ್ನು ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಕೆಳಗೆ ಖಾಲಾ, ವೀಳ್ಯದೆಲೆ ವ್ಯಾಪಾರ ಮಾಡುವ ಮಗ ಮತ್ತು ಸೊಸೆ. ಮೇಲಿನ ಕೋಣೆ ನನ್ನದು. ನಾನು ಊರಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಗಂಡ ಹಿರೇಕೆರೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ಶನಿವಾರ ಶಾಲೆ ಬಿಟ್ಟ ಕೂಡಲೇ ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಅವನಲ್ಲಿಗೆ ಓಡುತ್ತಿದ್ದೆ, ಸೋಮವಾರ ಬೆಳಿಗ್ಗೆ ಮತ್ತೆ ಸವಣೂರು. ಮದುವೆಯಾಗಿ ಇಷ್ಟು ವರ್ಷವಾದರೂ ಸಂಸಾರವೆಂಬುದು ಭಾನುವಾರಕ್ಕೆ ಮುಗಿಯುತ್ತಿತ್ತು.

ಖಾಲಾ ತಮ್ಮ ಗಂಡನ ಜೊತೆ ಜೀವಮಾನವಿಡೀ ಚದುರಂಗ ಆಡಿದವರು. ಗಂಡ ತೀರಿಕೊಂಡ ಮೇಲೆ ಸಕ್ಕರೆ ಕಾಯಿಲೆ ಖಾಲಾರ ಕಣ್ಣನ್ನೂ ತೆಗೆದುಕೊಂಡಿತು. ಬೆಳಕು ಎಲ್ಲಿದೆ ಎಂದಷ್ಟೇ ತಿಳಿಯುತ್ತಿತ್ತು. ನನಗೆ ಚೆಸ್ ಬರುತ್ತದೆ ಎಂದು ಗೊತ್ತಾದ ದಿನವೇ ಹಳೆಯ ಹಲಗೆ ತರಿಸಿದರು. ಅದು ನಡೆಯಲಿಲ್ಲ. ಯಾವ ಕಾಯಿ ಎಲ್ಲಿದೆಯೆಂದು ಬೆರಳಾಡಿಸಿದರೆ ನಾಲ್ಕು ಕಾಯಿ ಉರುಳುತ್ತಿದ್ದವು. ಮೂರನೆಯ ಸಲ ಉರುಳಿದಾಗ ಅವರು ಹಲಗೆಯನ್ನು ಪಕ್ಕಕ್ಕೆ ತಳ್ಳಿ, "ತಗೊಂಡ್ ಹೋಗು. ಇದು ಕಣ್ಣಿದ್ದೋರ ಆಟ" ಅಂದರು.

"ಹಂಗಾದ್ರ ನಾವs ಒಂದು ಆಟ ಮಾಡೋಣ್ರಿ," ಎಂದು ನಾನು ಸುಮ್ಮನೆ ಅಂದೆ. ಖಾಲಾ ಅದನ್ನು ಸುಮ್ಮನೆ ಬಿಡಲಿಲ್ಲ.

ಸೊಸೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಹಳೆಯ ಕೌದಿಯ ತುಂಡಿನ ಮೇಲೆ ದಪ್ಪ ದಾರದಿಂದ ಅಡ್ಡ ಏಳು, ಉದ್ದ ಏಳು ಮನೆ ಹೊಲಿದು ಕೊಟ್ಟಳು. ಬೆರಳಿಗೆ ಗೆರೆ ಸಿಗುತ್ತಿತ್ತು. ನಟ್ಟನಡುವಿನ ಮನೆಗೆ ಒರಟು ಬಟ್ಟೆಯ ತೇಪೆ. ಅದಕ್ಕೆ ಬಾವಿ ಎಂದು ಹೆಸರಿಟ್ಟೆವು. ಕಾಯಿಗಳಾಗಿ ಗುಂಡಿಗಳನ್ನೂ ಅವಳೇ ಕೊಟ್ಟಳು: ದೊಡ್ಡವು ಆನೆ, ಚೌಕದವು ಕುದುರೆ, ಸಣ್ಣವು ಕಾಲಾಳು. ಖಾಲಾರ ಗುಂಡಿಗಳಿಗೆ ಬಟ್ಟೆ ಸುತ್ತಿದ್ದಳು, ನನ್ನವು ಬರಿಯವು. ಇಷ್ಟೆಲ್ಲ ಮಾಡಿಕೊಟ್ಟು, ಯಾವ ಆಟ ಎಂದು ಕೂಡ ಕೇಳದೆ ಯಂತ್ರಕ್ಕೆ ಮರಳಿದಳು. ಕೂತುಕೋ ಎಂದು ನಾವೂ ಅನ್ನಲಿಲ್ಲ.

ನಿಯಮಗಳು ಜಗಳದಲ್ಲಿ ಹುಟ್ಟಿದವು.

"ರಾಜ ಬ್ಯಾಡ," ಅಂದರು ಖಾಲಾ. "ಅವಾ ಮೂಲ್ಯಾಗ ಕುಂತು ಎಲ್ಲಾರ್ನೂ ಸಾಯಸ್ತಾನ."

"ಮತ್ತ ಯಾರ ಸಲುವಾಗಿ ಆಡೋದ್ರಿ?"

"ಅಜ್ಜಿ ಇರ್ಲಿ. ಅಕೀನ್ನ ಆ ಕಡೆ ದಾಟಿಸಿದವ್ರು ಗೆದ್ರು."

ಹಾಗಾಗಿ ಹಿಂದಿನ ಸಾಲಿನ ನಡುವೆ ಅಜ್ಜಿ ಕೂತಳು. ಖಾಲಾರ ಅಜ್ಜಿ ಒಂದು ಅಡಿಕೆ, ನನ್ನವಳು ಹುಣಸೆ ಬೀಜ. ಅವಳ ಎಡಬಲಕ್ಕೆ ಕುದುರೆ, ಅದರಾಚೆ ಆನೆ, ಮುಂದೆ ಐದು ಕಾಲಾಳು. ಆನೆ, ಕುದುರೆ, ಕಾಲಾಳುಗಳ ನಡೆ ಚದುರಂಗದ್ದೇ. ಅಜ್ಜಿ ಮುಂದೆ, ಹಿಂದೆ, ಪಕ್ಕಕ್ಕೆ ಒಂದೊಂದೇ ಮನೆ ನಡೆಯುತ್ತಾಳೆ. ಅವಳನ್ನು ಯಾರೂ ಹೊಡೆಯುವಂತಿಲ್ಲ, ಅವಳೂ ಯಾರನ್ನೂ ಹೊಡೆಯುವುದಿಲ್ಲ. ಆದರೆ ಸುತ್ತ ದಾರಿ ಕಟ್ಟಿ ಅಲುಗದಂತೆ ಮಾಡಿದರೆ ಅವಳ ಕಡೆಯವರು ಸೋತಂತೆ.

ಮುಟ್ಟಿದ ಕಾಯಿ ನಡೆಸಲೇಬೇಕೆಂಬ ಚೆಸ್ಸಿನ ಕಟ್ಟಳೆ ಖಾಲಾರಿಗೆ ಹೊಂದುವುದು ಸಾಧ್ಯವೇ ಇರಲಿಲ್ಲ. ಅವರಿಗೆ ಮುಟ್ಟುವುದೇ ನೋಡುವುದು. ಎತ್ತಿದರೆ ಮಾತ್ರ ನಡೆಸಬೇಕು ಎಂದು ಮಾಡಿಕೊಂಡೆವು. ಇನ್ನೊಂದನ್ನು ಅವರೇ ಹಟ ಹಿಡಿದು ಸೇರಿಸಿದರು: ಹೊಡೆಯುವ ಮುಂಚೆ ಹೇಳಬೇಕು. ನನ್ನ ಆನೆಯ ದಾರಿಗೆ ಅವರ ಕುದುರೆ ಬಂತೆನ್ನಿ, ಈ ಸಲ ನಾನು "ಹುಷಾರ್" ಅನ್ನಬೇಕು, ಮುಂದಿನ ಸಲವಷ್ಟೇ ಹೊಡೆಯಬಹುದು. ಹೊಡೆದ ಕಾಯಿ ಸಾಯುವುದಿಲ್ಲ, ಬೀಗರ ಮನೆಗೆ ಹೋಗುತ್ತದೆ. ನಮ್ಮ ಅಜ್ಜಿ ಬಾವಿಗೆ ಬಂದು ನಿಂತಾಗ ಒಂದು ಕಾಯಿಯನ್ನು ಕರೆಸಿಕೊಳ್ಳಬಹುದು.

ಆಮೇಲೆ ಸಂಜೆಯಾದರೆ ಅದೇ ಆಟ. ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕೆಳಗಿನಿಂದ ಕರೆ ಬರುತ್ತಿತ್ತು. ಖಾಲಾ ನನ್ನ ಉಸಿರಿನಲ್ಲೇ ನನ್ನ ಲೆಕ್ಕ ಹಿಡಿಯುತ್ತಿದ್ದರು. "ಈಗ ನೀ ಕುದ್ರಿ ಎತ್ತಾಕಿ," ಅನ್ನುತ್ತಿದ್ದರು, ನನ್ನ ಕೈ ಕುದುರೆಯ ಮೇಲೇ ಇರುತ್ತಿತ್ತು. ಗೆದ್ದರೆ ಎಳೆಯ ಹುಡುಗಿಯ ಹಾಗೆ ಕೇಕೆ ಹಾಕುತ್ತಿದ್ದರು.

ಆ ದಿನಗಳಲ್ಲೇ ನಾನು ವರ್ಗಾವಣೆಗೆ ಅರ್ಜಿ ಹಾಕಿದ್ದೆ. ಅದರಲ್ಲಿ ತಪ್ಪೇನಿರಲಿಲ್ಲ, ಗಂಡನ ಜೊತೆ ಇರಬೇಕೆಂಬ ಆಸೆ ಯಾರಿಗಿರುವುದಿಲ್ಲ? ಆದರೆ ಖಾಲಾರಿಗೆ ಹೇಳಲಾಗಲಿಲ್ಲ. ಸಿಗುತ್ತದೋ ಇಲ್ಲವೋ, ಈಗಲೇ ಯಾಕೆ ಎಂದುಕೊಂಡೆ. ಹೇಳೋಣವೆಂದು ಬಾಯಿ ತೆರೆದಾಗಲೆಲ್ಲ ಅವರು ಬಾವಿಯ ತೇಪೆಯನ್ನು ಸವರುತ್ತ ಯೋಚನೆಯಲ್ಲಿರುತ್ತಿದ್ದರು. ಹಿರೇಕೆರೂರಿನ ಕಡೆಗೇ, ಅಬಲೂರಿನ ಹತ್ತಿರದ ಶಾಲೆಗೆ ಆದೇಶ ಬಂದಾಗ ಮೊದಲು ಸಂತೋಷದಿಂದ ಅತ್ತೆ, ಆಮೇಲೆ ಕೆಳಗಿಳಿಯಲು ಹೆದರಿದೆ. ಈ ಆಟ ಬಲ್ಲವರು ಲೋಕದಲ್ಲಿ ನಾವಿಬ್ಬರೇ. ನಾನು ಎದ್ದುಹೋದರೆ ಅವರು ಯಾರ ಜೊತೆ ಆಡಬೇಕು?

ಕೊನೆಗೆ ಕೆಳಗಿಳಿದು ಸುದ್ದಿ ತಿಳಿಸಿದಾಗ ಖಾಲಾ, "ಅರ್ಜಿ ಯಾವಾಗ ಹಾಕಿದ್ದಿ?" ಎಂದಷ್ಟೇ ಕೇಳಿದರು.

ಹೇಳಿದೆ.

"ಅಷ್ಟು ದಿವ್ಸದಿಂದ ದಿನಾ ನನ್ನ ಮುಂದ ಕುಂತು ಹುಷಾರ್ ಹುಷಾರ್ ಅಂತಿದ್ದಿ. ಇದೊಂದು ಹೇಳಾಕ ಬಾಯಿ ಬರ್ಲಿಲ್ಲಲ್ಲ ಬೇಟಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ವಾದ ಮಾಡುತ್ತಿದ್ದೆ.

ಹಿರೇಕೆರೂರಿಗೆ ಹೋದ ಮೇಲೆ ಫೋನಿನಲ್ಲಿ ಆಡಿನೋಡಿದೆವು. ಇಲ್ಲಿ ನಾನು ಹಾಳೆಯ ಮೇಲೆ ಮನೆ ಬರೆದುಕೊಂಡಿದ್ದೆ. ಅಲ್ಲಿ ಅವರು ಹೇಳಿದ ನಡೆಯನ್ನು ಇಲ್ಲಿ ಇಡಬೇಕು. ಒಂದು ಸಂಜೆ ಒಗ್ಗರಣೆ ಹಾಕುತ್ತ ಆಡುತ್ತಿದ್ದೆ. "ನಿಮ್ಮ ಆನಿ ಎಲ್ಲಿತ್ರಿ?" ಎಂದು ಎರಡನೆಯ ಸಲ ಕೇಳಿದೆ.

"ಬಿಡು, ನಿನಗ ಕೆಲಸ ಐತಿ," ಎಂದು ಖಾಲಾ ಫೋನು ಇಟ್ಟುಬಿಟ್ಟರು.

ಆಮೇಲೆ ನಾನು ಫೋನು ಮಾಡುವುದೇ ಕಡಿಮೆಯಾಯಿತು. ಮಾಡದೆ ದಿನ ಕಳೆದಷ್ಟೂ ಮಾಡುವುದು ಕಷ್ಟವಾಯಿತು. ಗಂಡನಿಗೆ ಆಟ ಕಲಿಸಲು ಹೋದೆ. "ಇದಕ್ಕಿಂತ ಚೆಸ್ಸs ಆಡೋಣಲ್ಲ," ಅಂದ. ಊಟ ಮಾಡಿ ಇಬ್ಬರೂ ಕಟ್ಟೆಯ ಮೇಲೆ ಕೂತು ನಗುತ್ತಿರುವಾಗಲೇ ನನಗೆ ಸವಣೂರಿನ ಆ ಪಡಸಾಲೆ ಕಣ್ಣ ಮುಂದೆ ಬರುತ್ತಿತ್ತು. ಕಣ್ಣಿಲ್ಲದ ಹೆಂಗಸಿಗೆ ಇಲ್ಲದ ಆಸೆ ಹಚ್ಚಿ ಬಂದೆನಲ್ಲ ಅನಿಸುತ್ತಿತ್ತು. ಮೊದಲಿನ ಹಾಗೆ ಹಲಗೆ ತಳ್ಳಿ ಸುಮ್ಮನೆ ಕೂತಿದ್ದರೆ ಅವರು ಅಷ್ಟಕ್ಕೇ ಒಗ್ಗಿಹೋಗುತ್ತಿದ್ದರು.

ಈಚೆಗೆ ಶಿಗ್ಗಾಂವಿಯಲ್ಲಿ ಸಂಬಂಧಿಕರ ಮದುವೆಗೆ ಹೋದವಳು, ಗಂಡನನ್ನು ಅಲ್ಲೇ ಬಿಟ್ಟು ಸವಣೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಕೌದಿಯ ತುಂಡು ಹಾಸಿತ್ತು. ಖಾಲಾರ ಎದುರಿಗೆ ಸೊಸೆ ಕೂತಿದ್ದಳು.

"ಅತ್ತಿ ಬಾವಿ ಬಿಟ್ಟು ಏಳವಲ್ರು ನೋಡ್ರಿ," ಎಂದು ಅವಳು ನನ್ನನ್ನು ಕಂಡ ಕೂಡಲೇ ದೂರಿದಳು. ನಾನಿದ್ದಷ್ಟು ಕಾಲ ಅವಳು ನನ್ನೊಡನೆ ಇಷ್ಟು ಉದ್ದದ ಮಾತೇ ಆಡಿರಲಿಲ್ಲ. "ಅಲ್ಲೇ ಕುಂತು ಎಲ್ಲಾರ್ನೂ ಕರಸ್ಕೊಳ್ಳಾಕತ್ತಾರ."

"ಅದಕ್ಕs ನೀ ಮೂರು ನಡಿ ಅಂತ ಕಟ್ಲಿ ಮಾಡೀದಿಯಲ್ಲ," ಅಂದರು ಖಾಲಾ.

ಅಜ್ಜಿ ಬಾವಿಯಲ್ಲಿ ಮೂರು ನಡೆಗಿಂತ ಹೆಚ್ಚು ನಿಲ್ಲುವಂತಿಲ್ಲ ಎಂದು ಇವರು ಹೊಸ ನಿಯಮ ಮಾಡಿಕೊಂಡಿದ್ದರು. ಕಾಲಾಳು ಆಚೆ ತುದಿ ಮುಟ್ಟಿದರೆ ಕುದುರೆಯಾಗುತ್ತದೆ ಎಂಬುದೂ ಹೊಸದು. "ನಮ್ಮ ಆಟದಾಗ ಹಂಗಿರ್ಲಿಲ್ಲಲ್ರಿ," ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

"ನೀ ಇದ್ದಾಗ ಇರ್ಲಿಲ್ಲ," ಅಂದರು ಖಾಲಾ.

ಇಷ್ಟು ತಿಂಗಳು ಹೊತ್ತ ಭಾರ ಆಗ ಇಳಿಯಬೇಕಿತ್ತು. ಇಳಿಯಲಿಲ್ಲ. ಅವರು ಒಂಟಿಯಾಗಿಲ್ಲವೆಂದು ನೋಡಿ ನನಗೆ ಮೊದಲು ಆದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು. ಅದು ತಿಳಿದು ಇನ್ನಷ್ಟು ನಾಚಿಕೆಯಾಯಿತು. ಆ ಕೌದಿ ಹೊಲಿದವಳನ್ನು ಒಂದು ದಿನವೂ ಆಟಕ್ಕೆ ಕರೆಯದೆ, ನಾನಿಲ್ಲದಿದ್ದರೆ ಇನ್ನು ಯಾರೂ ಇಲ್ಲ ಎಂದು ಕೊರಗುತ್ತಿದ್ದೆನಲ್ಲ.

ಸೊಸೆ ಎದ್ದು ನನಗೆ ಜಾಗ ಬಿಟ್ಟಳು. ಆಡಿದೆ, ಬೇಗನೆ ಸೋತೆ. ಅವಳು ಚಹಾ ತಂದಿಟ್ಟು ನನ್ನ ಪಕ್ಕದಲ್ಲೇ ನಿಂತಳು. ತನ್ನ ಸರದಿಗೆ ಕಾಯುತ್ತಿದ್ದಾಳೆಂದು ತಿಳಿದು ಎದ್ದೆ.

ಹೊರಡುವಾಗ ಖಾಲಾರ ಕೈ ಹಿಡಿದು, "ಅವತ್ತs ಹೇಳಬೇಕಿತ್ರಿ ನಾನು," ಅಂದೆ.

"ಹೌದು, ಹೇಳಬೇಕಿತ್ತು," ಅಂದರು ಅವರು. ಪರವಾಗಿಲ್ಲ ಎಂದಾರೇನೋ ಎಂದು ಸ್ವಲ್ಪ ಹೊತ್ತು ಕಾದೆ. ಅನ್ನಲಿಲ್ಲ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ. ಶಿಗ್ಗಾಂವಿಯ ಬಸ್ಸಿಗೆ ಹೊತ್ತಾಯಿತೆಂದು ಸೊಸೆ ಒಳಗಿನಿಂದ ಕೂಗಿದಾಗ ನಾನೇ ಕೈ ತೆಗೆದುಕೊಂಡು ಮೆಟ್ಟಿಲಿಳಿದೆ.