ಗೋಡೆಯ ಹತ್ತಿರ ತಲೆಕೆಳಗಾಗಿ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಎಕ್ಸ್‌ರೇ ಅಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿಯಿಲ್ಲದ ಕೋಣೆಯಲ್ಲಿ ಸೀಸದ ಏಪ್ರನ್ ಹೊತ್ತು, ರೋಗಿಗಳನ್ನು ಎತ್ತಿ ಹೊರಳಿಸಿ ಅವಳ ಸೊಂಟ ಹಿಡಿದುಕೊಂಡಿತ್ತು. ಮೂಳೆ ಡಾಕ್ಟರು ಈಜಲು ಹೇಳಿದರು. ನಾದಿನಿ ಕೈಹಿಡಿದು ಈಜುಕೊಳಕ್ಕೆ ಎಳೆದುಕೊಂಡು ಹೋದಳು. ಹೀಗೆ ನಲವತ್ತು ದಾಟಿದ ಮೇಲೆ ನೀರಿಗಿಳಿದವಳು, ಕೆಲವು ವರ್ಷಗಳಲ್ಲೇ ತನ್ನ ವಯಸ್ಸಿನವರ ಸ್ಪರ್ಧೆಗೆ ನಿಲ್ಲುವಷ್ಟಾದಳು. ಸೊಂಟ ಸರಿಹೋಯಿತು. ಹೆದರಿಕೆ ಮಾತ್ರ ಹೋಗಲಿಲ್ಲ.

ಅವಳಿಗೆ ಹೆದರಿಕೆ ನೀರಿನದಲ್ಲ, ಗೋಡೆಯದು. ಕೊಳದ ಕೊನೆ ಸಿಕ್ಕಾಗ ಪಳಗಿದವರು ನೀರೊಳಗೇ ಲಾಗ ಹಾಕಿ, ಎರಡೂ ಪಾದಗಳಿಂದ ಗೋಡೆಯನ್ನು ಒದ್ದು ಹಿಂದಿರುಗುತ್ತಾರೆ. ಅದನ್ನು ಕಲಿಯುವಾಗ ಅವಳು ಒಮ್ಮೆ ದಿಕ್ಕು ತಪ್ಪಿ, ಮೇಲೆ ಬರುತ್ತಿದ್ದೇನೆಂದುಕೊಂಡು ತಳದ ಕಡೆಗೇ ಹೋಗಿದ್ದಳು. ಹಣೆಗೆ ಟೈಲ್ಸ್ ಬಡಿಯಿತು. ಮೂಗಿನ ತುಂಬ ನೀರು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದು. ಆ ಒಂದು ಕ್ಷಣಕ್ಕೆ ಜೀವ ಬಾಯಿಗೆ ಬಂದಿತ್ತು. ಅಂದಿನಿಂದ ಕೈಯಲ್ಲಿ ಗೋಡೆ ಹಿಡಿದು, ತಲೆಯೆತ್ತಿ ಉಸಿರೆಳೆದು, ಆಮೇಲೆ ತಿರುಗುತ್ತಿದ್ದಳು. ಅಷ್ಟರಲ್ಲಿ ಪಕ್ಕದವರು ಮುಂದೆ ಹೋಗಿರುತ್ತಿದ್ದರು.

ಕಲಿಸುವಾಕೆಗೆ ಕೊರಳಿನ ಸೀಟಿಯಿಂದಾಗಿ ಸೀಟಿ ಮೇಡಂ ಎಂಬ ಹೆಸರು ಬಿದ್ದಿತ್ತು. ವರ್ಷವಿಡೀ ಇವಳು ಈಜಿ ಮುಗಿಸಲು ಹಿಡಿಯುವ ವೇಳೆ ಒಂದಿಷ್ಟೂ ಇಳಿಯದಿದ್ದಾಗ ಅವರು ಇವಳನ್ನು ದಡದಲ್ಲಿ ಕೂರಿಸಿಕೊಂಡರು.

"ಕೈಕಾಲಲ್ಲಿ ಏನೂ ಕೊರತೆಯಿಲ್ಲ ನಿಂಗೆ. ಗೋಡೆ ಸಿಕ್ಕಿದ್ರೆ ಸಾಕು, ನೆಂಟರ ಮನೆ ಬಾಗಿಲಲ್ಲಿ ಮಾತಿಗೆ ನಿಂತ ಹಾಗೆ ನಿಂತ್ಬಿಡ್ತೀಯ."

"ಭಯ ಆಗುತ್ತೆ ಮೇಡಂ."

"ಉಸಿರು ಬಿಗಿ ಹಿಡೀತೀಯ, ಅದಕ್ಕೇ ಮೂಗಿಗೆ ನೀರು ನುಗ್ಗೋದು. ತಿರುಗೋವಾಗ ಮೂಗಿಂದ ಗಾಳಿ ಬಿಡ್ತಾನೇ ಇರು."

"ಗಾಳಿಯೆಲ್ಲ ಖಾಲಿಯಾಗಿಬಿಟ್ರೆ?"

"ಅಷ್ಟರೊಳಗೆ ಮೇಲೆ ಬಂದಿರ್ತೀಯ."

ನಾದಿನಿ ನಕ್ಕಳು. "ಎಕ್ಸ್‌ರೇ ತೆಗೆಯೋವಾಗ ದಿನಾ ಎಲ್ಲರಿಗೂ ಉಸಿರು ಹಿಡೀರಿ, ಈಗ ಬಿಡಿ ಅಂತ ಹೇಳೋರು ನೀವೇ ಅಲ್ವಾ ಅತ್ತಿಗೆ?"

ಇವಳಿಗೆ ನಗು ಬರಲಿಲ್ಲ. ಮರುದಿನದಿಂದ ಎದೆಮಟ್ಟದ ನೀರಿನಲ್ಲಿ ಅಭ್ಯಾಸ ಶುರುವಾಯಿತು. ನಾದಿನಿ ಪಕ್ಕದಲ್ಲಿ ನಿಂತು ಬೆನ್ನಿಗೆ ಕೈ ಕೊಟ್ಟರೆ ಲಾಗ ಸಲೀಸಾಗಿ ಬರುತ್ತಿತ್ತು. ಅವಳು ಸರಿದರೆ ಕೈ ತಾನಾಗಿಯೇ ಗೋಡೆಗೆ ಹೋಗುತ್ತಿತ್ತು. ಮನೆಯಿಂದ ಹೊರಡುವಾಗ ಚೀಲವನ್ನು ಎರಡೆರಡು ಸಲ ಕೆಳಗಿಟ್ಟು ಮತ್ತೆ ಎತ್ತಿಕೊಳ್ಳುತ್ತಿದ್ದಳು. "ಅಷ್ಟು ಹೆದರ್ಕೊಂಡು ಯಾಕೆ ಹೋಗ್ತೀಯ?" ಎಂದು ಗಂಡ ಕೇಳುತ್ತಿದ್ದ. ಬಿಟ್ಟರೆ ಇನ್ನೆಂದೂ ಆ ಕಡೆ ಕಾಲಿಡಲಾರೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ನೂರು ಮೀಟರ್ ಸ್ಪರ್ಧೆಯ ದಿನ ಸರದಿಗೆ ಕಾಯುವ ಬೆಂಚಿನ ಮೇಲೆ ನಾದಿನಿಯ ಪಕ್ಕ ಕೂತಳು.

"ಹೊಟ್ಟೆ ಸರಿಯಿಲ್ಲ ಅಂತ ಹೇಳಿಬಿಡ್ಲಾ?" ಎಂದಳು.

"ಹೇಳಿ," ಎಂದಳು ನಾದಿನಿ. "ಮೊದ್ಲು ಆ ಟೋಪಿ ತೆಗೀರಿ. ಟೋಪಿ ಹಾಕ್ಕೊಂಡು ಹೇಳಿದ್ರೆ ಯಾರೂ ನಂಬಲ್ಲ."

ಟೋಪಿ ತೆಗೆಯುವ ಮೊದಲೇ ಅವಳ ಸರದಿ ಕರೆದರು.

ನೀರಿಗೆ ಹಾರಿದ ರಭಸಕ್ಕೆ ಈಜು ಕನ್ನಡಕದೊಳಗೆ ನೀರು ತುಂಬಿ, ದಾರಿ ತೋರುವ ತಳದ ಕಪ್ಪು ಗೆರೆ ಕಲಸಿಹೋಯಿತು. ಮೊದಲನೆಯ ಗೋಡೆ ಎಷ್ಟು ದೂರವಿದೆಯೆಂದೇ ತಿಳಿಯಲಿಲ್ಲ. ಕೈ ಚಾಚಿ ಹಿಡಿದುಕೊಂಡಳು. ಎರಡೂ ಬದಿಯವರು ದಾಟಿ ಹೋದರು. ಎರಡನೆಯ ಗೋಡೆ ಹತ್ತಿರವಾದಾಗ, ಎಲ್ಲಿ ಮತ್ತೆ ಕೈ ಚಾಚಿಬಿಡುವೆನೋ ಎಂಬ ಭಯಕ್ಕೇ ತಲೆ ಬಗ್ಗಿಸಿಬಿಟ್ಟಳು. ಮೂಗಿನಿಂದ ಗುಳ್ಳೆಗಳು ಹೊರಟವು. ಕಾಲುಗಳು ಮೇಲಿಂದ ಸುತ್ತಿ ಬಂದವು. ಆದರೆ ಪಾದಕ್ಕೆ ಏನೂ ಸಿಗಲಿಲ್ಲ. ಮತ್ತೆ ಅದೇ ದಿಕ್ಕು ತಪ್ಪಿದ ಕ್ಷಣ. ಸತ್ತೆ ಎಂದುಕೊಳ್ಳುವಷ್ಟರಲ್ಲಿ ಒಂದು ಹಿಮ್ಮಡಿಗೆ ಗೋಡೆ ತಾಗಿತು. ಒದ್ದಳು. ಸೊಟ್ಟಗೆ ಹೋಗಿ, ಸಾಲು ಬೇರ್ಪಡಿಸುವ ಹಗ್ಗಕ್ಕೆ ಭುಜ ಉಜ್ಜಿಕೊಂಡು ಮೇಲೆ ಬಂದಳು. ಗಾಳಿ ಇತ್ತು.

ಮೂರನೆಯ ಗೋಡೆಗೆ ಭಯ ಇಮ್ಮಡಿಯಾಯಿತು. ಆದರೂ ತಲೆ ಬಗ್ಗಿಸಿದಳು. ಈ ಸಲ ಎರಡೂ ಪಾದ ಸಿಕ್ಕವು.

ಎಂಟು ಜನರಲ್ಲಿ ಐದನೆಯವಳಾದಳು. ತನ್ನ ಹಿಂದಿನ ವೇಳೆಗಿಂತ ಎರಡು ಸೆಕೆಂಡು ಬೇಗ. ನಾದಿನಿ ಕೈಹಿಡಿದು ಮೇಲೆಳೆದುಕೊಂಡಳು.

ಸೀಟಿ ಮೇಡಂ ಅವಳ ಹೆಗಲಿಗೆ ಟವೆಲ್ ಹೊದಿಸಿದರು. "ಮುಂದಿನ ಸಲ ಇನ್ನೂರು ಮೀಟರ್‌ಗೆ ಹೆಸರು ಕೊಡ್ತೀನಿ."

"ಅದಕ್ಕೆ ಏಳು ಸಲ ತಿರುಗ್ಬೇಕು ಮೇಡಂ."

"ಹೌದು."

ಹಲ್ಲು ಕಟಕಟ ಎನ್ನುತ್ತಿತ್ತು. ಟವೆಲನ್ನು ಬಿಗಿಯಾಗಿ ಹೊದ್ದು ನೀರನ್ನೇ ನೋಡುತ್ತ ಕೂತಳು. "ಹೆಸರು ಕೊಡಿ," ಎಂದಳು.